ಒಂದೊಂದೇ ಅಕ್ಕ ಮತ್ತು ನಲವತ್ತನೆಯ ನಿಮಿಷ

ಕೆಳಮನೆಯ ಹೆಂಗಸು ತನ್ನ ಡ್ರೈವರುಗಳನ್ನು ಮನುಷ್ಯರಂತೆ ನಡೆಸಿಕೊಳ್ಳುತ್ತಿಲ್ಲ ಎಂಬ ಸಂಗತಿ ಕಾರ್ಯದರ್ಶಿಗಳ ಗಮನಕ್ಕೆ ಬಂದದ್ದು ಒಂದು ಬೆಳಿಗ್ಗೆ, ಮೆಟ್ಟಿಲ ಮೇಲೆ.

ಕಾರ್ಯದರ್ಶಿಗಳೆಂದರೆ ಆ ನಾಲ್ಕು ಮಹಡಿಯ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ಮೂವತ್ತನಾಲ್ಕು ವರ್ಷ ಒಂದು ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದವರು, ಮರುವಾರವೇ ಸಂಘಕ್ಕೆ ಅವಿರೋಧವಾಗಿ ಆಯ್ಕೆಯಾದರು. ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಸಭ್ಯರು ಹೀಗೆ ಹೇಳುತ್ತಾರೆ. ಅಂದು ಹಾಲು ತರಲು ಇಳಿಯುತ್ತಿದ್ದಾಗ ನೆಲಮಹಡಿಯ ಕಿಟಕಿಯಿಂದ ಫೋನಿನ ಮಾತು ಕೇಳಿಸಿತು.

“ಹಳೇ ಡ್ರೈವರ್‌ನ ಬುಡಸಮೇತ ಕಿತ್ತುಹಾಕಿದ್ದೀನಿ. ಸುಮ್ನೆ ಹೋಗು ಅಂದ್ರೆ ಹೋಗಲ್ಲ ಅದು. ಎಲ್ಲೋ ಮೂಲೇಲಿ ಕೂತಿದ್ದು ಹೊಸದರ ಜೊತೆ ಜಗಳ ತೆಗೆಯುತ್ತೆ. ಹೊಸದು ಅಂತ ಅದನ್ನೂ ಪೂರ್ತಿ ನಂಬಬೇಡಿ. ಎರಡು ದಿನ ನೋಡೋಣ. ಕೈಕೊಟ್ರೆ ಅದನ್ನೂ ಆಚೆ ಹಾಕಿ, ಹೋದ ವರ್ಷದ್ದನ್ನೇ ವಾಪಸ್ ತರೋಣ.”

ಕಾರ್ಯದರ್ಶಿಗಳು ಹಾಲಿನ ಪಾತ್ರೆ ಹಿಡಿದುಕೊಂಡೇ ಬಂದ ಮೆಟ್ಟಿಲನ್ನು ಮತ್ತೆ ಹತ್ತಿದರು. ಕೆಲಸದಿಂದ ತೆಗೆಯುವುದು ಒಂದು ಕಡೆ ಇರಲಿ. ದುಡಿದು ತಿನ್ನುವ ಮನುಷ್ಯನನ್ನು ‘ಅದು’ ಎನ್ನುವುದೇ? ‘ಅವನು’ ಎಂದರೂ ಸಹಿಸಬಹುದಿತ್ತು. ‘ಅವರು’ ಎಂದು ಬಯಸುವುದು ಈ ಕಾಲದಲ್ಲಿ ದುರಾಸೆಯೇ ಸರಿ. ಆದರೆ ‘ಅದು’! ಅಂದೇ ಕುಳಿತು, “ಚಾಲಕ ವರ್ಗದ ಬಗ್ಗೆ ನಪುಂಸಕಲಿಂಗ ಪ್ರಯೋಗ ಹಾಗೂ ಇತರ ಅಮಾನವೀಯ ವರ್ತನೆ ಕುರಿತು” ಎಂಬ ವಿಷಯಸೂಚಿಯೊಡನೆ ಮೂರು ಪುಟದ ಪತ್ರ ಬರೆದು, ಸಂಘದ ಮೊಹರು ಒತ್ತಿ, ಸ್ವತಃ ಕೆಳಗಿಳಿದು ಬಾಗಿಲು ತಟ್ಟಿದರು.

ಹೆಂಗಸು ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಮೂರೂ ಪುಟ ಓದಿದಳು. ಎಲ್ಲಿಯೂ ನಗಲಿಲ್ಲ. ಕೊನೆಗೆ ಪತ್ರವನ್ನು ಮಡಿಸಿ ಅವರ ಕೈಗೇ ಕೊಟ್ಟಳು.

“ಅಕ್ಷರ ಮುತ್ತಿನ ಹಾಗಿದೆ ಸಾರ್. ಬನ್ನಿ, ಡ್ರೈವರ್‌ನ ತೋರಿಸ್ತೀನಿ.”

ಒಳಗೆ ಡ್ರೈವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು ಬೆನ್ನು ಬಿಚ್ಚಿಕೊಂಡು ಬೋರಲು ಮಲಗಿತ್ತು.

“ಇದರೊಳಗೆ ಸ್ಪೀಕರ್ ಇದೆ, ಕ್ಯಾಮರಾ ಇದೆ, ಚಿತ್ರ ಬರೆಯೋ ಚಿಪ್ ಇದೆ. ಇವಕ್ಕೆಲ್ಲ ಕಂಪ್ಯೂಟರಿನ ಭಾಷೆ ಬರಲ್ಲ. ಅದಕ್ಕೆ ಒಂದೊಂದಕ್ಕೂ ಒಬ್ಬ ದುಭಾಷಿ ಇಟ್ಟಿರ್ತಾರೆ. ಆ ದುಭಾಷಿ ಹೆಸರು ಡ್ರೈವರ್. ಬರೀ ಬರಹ ಸಾರ್, ಪ್ರೋಗ್ರಾಮು. ಅದನ್ನ ‘ಅದು’ ಅನ್ನದೆ ‘ಡ್ರೈವರ್ ಸಾಹೇಬ್ರು’ ಅನ್ನಕ್ಕಾಗುತ್ತಾ?”

ಕಾರ್ಯದರ್ಶಿಗಳು ಪತ್ರವನ್ನು ಜೇಬಿಗಿಟ್ಟುಕೊಂಡು, “ವಿಷಯ ಸಂಘದ ಗಮನಕ್ಕೆ ಬಂದಿದೆ” ಎಂದು ಹೇಳಿ ಮೆಟ್ಟಿಲು ಹತ್ತಿದರು. ಸಂಘದ ಗಮನವೆಂದರೆ ಅವರದೇ ಗಮನ.

ಅಂದಿನಿಂದ ಅವರ ಕಾಲು ಆ ಕಿಟಕಿಯ ಬಳಿ ತಾನಾಗಿ ನಿಧಾನವಾಗುತ್ತಿತ್ತು. ಸಂಘದ ಹಿತದೃಷ್ಟಿಯಿಂದ ಎಂದು ಹೆಂಡತಿಗೆ ಹೇಳುತ್ತಿದ್ದರು. ಹೀಗೆ ನಿಂತೂ ನಿಂತೂ, ಬಿಡಿಬಿಡಿಯಾಗಿ, ಆಕೆಯ ಬದುಕು ಅವರಿಗೆ ತಿಳಿಯಿತು.

ಕಟ್ಟಡದವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ‘ಒಂದೊಂದೇ ಅಕ್ಕ’ ಎಂದು. ಕೆಟ್ಟ ಲ್ಯಾಪ್‌ಟಾಪು ಹಿಡಿದು ಬಂದವರು, ಇದು ಹೀಗಾಯಿತು, ಅದು ಹಾಗಾಯಿತು, ನೆಟ್ಟೂ ಬರುತ್ತಿಲ್ಲ, ನನ್ನ ಗ್ರಹಚಾರವೂ ಸರಿಯಿಲ್ಲ ಎಂದು ಒಂದೇ ಉಸಿರಿಗೆ ಸುರಿದರೆ, ಆಕೆ ಅಂಗೈ ಎತ್ತಿ “ಒಂದೊಂದೇ” ಎನ್ನುತ್ತಿದ್ದಳು. ಮಾತು ಮಾತ್ರವಲ್ಲ, ಕೆಲಸವೂ ಹಾಗೆಯೇ. ಗೋಡೆಗೆ ಮಕ್ಕಳ ಸ್ಲೇಟೊಂದು ತೂಗುಹಾಕಿತ್ತು. ಏನನ್ನಾದರೂ ಬದಲಿಸಿದರೆ ಸ್ಲೇಟಿನ ಮೇಲೆ ಒಂದು ಸಾಲು. ಎದುರಿಗೆ ‘ಆಯ್ತು’ ಅಥವಾ ‘ಇಲ್ಲ’. ಆ ಸಾಲಿಗೆ ಉತ್ತರ ಸಿಗುವ ತನಕ ಎರಡನೆಯದನ್ನು ಮುಟ್ಟುವಂತಿಲ್ಲ. “ಎರಡನ್ನ ಒಟ್ಟಿಗೆ ಬದಲಾಯಿಸಿದ್ರೆ ವಾಸಿಯಾಗಬಹುದು ಸಾರ್. ಆದ್ರೆ ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗಲ್ಲ. ಗೊತ್ತಿಲ್ಲದೆ ವಾಸಿಯಾದದ್ದು ಗೊತ್ತಿಲ್ಲದೆ ಮತ್ತೆ ಕೆಡುತ್ತೆ.”

ಆಕೆಯ ಉಪಕರಣಗಳನ್ನು ಕಂಡು ಕಾರ್ಯದರ್ಶಿಗಳಿಗೆ ಮೊದಮೊದಲು ನಿರಾಸೆಯಾಗಿತ್ತು. ಧೂಳು ಕೊಡವಲು ಮುಖಕ್ಕೆ ಪೌಡರು ಹಚ್ಚುವ ಬ್ರಶ್ಶು. ಸ್ಕ್ರೂ ಇಡಲು ಮೊಟ್ಟೆಯ ಟ್ರೇ. ಬೇಕರಿಯಲ್ಲಿ ಕೆಲಸಕ್ಕಿದ್ದ ಗಂಡ ತಂದುಕೊಟ್ಟದ್ದು. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಸ್ಕ್ರೂ ಬೀಳುತ್ತಿತ್ತು, ಮುಚ್ಚುವಾಗ ಹಿಂದಿನಿಂದ ಮುಂದಕ್ಕೆ ಹೊರಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಆಕೆಯ ಬಳಿ ಒಂದು ಸ್ಕ್ರೂ ಕೂಡ ಮಿಕ್ಕಿಲ್ಲವೆಂಬುದು ಗಂಡನ ಹೆಮ್ಮೆ. “ಬೇರೆ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಮಿಕ್ಕಿರುತ್ತೆ ಸಾರ್. ಅದೆಲ್ಲ ಯಾರ ಹೊಟ್ಟೆಯಿಂದ ಬಂದದ್ದು ಹೇಳಿ” ಎನ್ನುತ್ತಿದ್ದ ಆತ.

ಆಕೆಯ ಅಪ್ಪ ಸೈಕಲ್ಲಿನ ಮೇಲೆ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಮಗಳ ಕೈಯಲ್ಲಿ ಎಣ್ಣೆಯ ಡಬ್ಬಿ. ಹತ್ತೊಂಬತ್ತಕ್ಕೆ ಗಾರ್ಮೆಂಟ್ಸ್ ಸೇರಿ ಕಾಲರು ಹೊಲಿಯುವ ಸಾಲಿನಲ್ಲಿ ಕುಳಿತಳು. ಯಂತ್ರ ಕೆಟ್ಟಾಗ ಮೆಕ್ಯಾನಿಕ್ಕು ಬರುವ ಹೊತ್ತಿಗೆ ಅರ್ಧ ದಿನ ಹಾಳು. ಆಕೆ ತಾನೇ ಸರಿಮಾಡಿಕೊಂಡು ಹೊಲಿಯುತ್ತಿದ್ದಳು. ಮೊದಲು ಬೈದರು, ಆಮೇಲೆ ಕರೆದರು, ಕೊನೆಗೆ ಮೆಕ್ಯಾನಿಕ್ಕಿನ ನೀಲಿ ಅಂಗಿ ಕೊಟ್ಟರು. ಅಂಗಿ ಗಂಡಸಿನ ಅಳತೆಯದು. ಅಷ್ಟು ಸಾವಿರ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಆಕೆಯ ಅಳತೆಗೊಂದು ಅಂಗಿ ಹೊಲಿಯಲು ಯಾರಿಗೂ ಪುರುಸೊತ್ತಾಗಲಿಲ್ಲ. ತೋಳು ಮಡಿಸಿಕೊಂಡೇ ಇಪ್ಪತ್ತು ವರ್ಷ ಕಳೆದಳು.

ಅಲ್ಲಿನ ಒಂದು ಕಥೆಯನ್ನು ಕಾರ್ಯದರ್ಶಿಗಳು ಹೋದಲ್ಲೆಲ್ಲ ಹೇಳುತ್ತಿದ್ದರು, ತಾವೇ ಹತ್ತಿರ ನಿಂತು ನೋಡಿದವರಂತೆ. ಒಂದು ಯಂತ್ರದಲ್ಲಿ ದಾರ ಕಡಿಯುತ್ತಿತ್ತು. ಬೆಳಿಗ್ಗೆ ಸರಿ, ಊಟವಾದ ಮೇಲೆ ಕಡಿತ. ಸೂಜಿ ಬದಲಾಯಿಸಿದರು, ದಾರ ಬದಲಾಯಿಸಿದರು, ಬಿಗಿ ಬದಲಾಯಿಸಿದರು, ಕೊನೆಗೆ ಹೊಲಿಯುವ ಹೆಂಗಸನ್ನೇ ಬದಲಾಯಿಸಿದರು. ಆ ಹೆಂಗಸು ಅತ್ತಳು, ದಾರ ಕಡಿಯುತ್ತಲೇ ಇತ್ತು. ಅಕ್ಕ ಒಂದು ಸ್ಟೂಲು ಹಾಕಿಕೊಂಡು ಎರಡು ದಿನ ಸುಮ್ಮನೆ ನೋಡಿದಳು, ಏನನ್ನೂ ಮುಟ್ಟಲಿಲ್ಲ. “ಸಂಬಳ ಕೊಡ್ತಿರೋದು ನೋಡಕ್ಕಾ?” ಎಂದರು ಸೂಪರ್‌ವೈಸರು. “ಹೂಂ” ಎಂದಳು. ಎರಡನೆಯ ದಿನ ಉತ್ತರ ಕಣ್ಣಿಗೆ ಬಿತ್ತು. ಉಂಡು ಬಂದ ಸೂಪರ್‌ವೈಸರರಿಗೆ ಸೆಕೆ. ಅವರು ಫ್ಯಾನನ್ನು ತಮ್ಮ ಕಡೆಗೆ ತಿರುಗಿಸಿಕೊಂಡಾಗ ಅದರ ಗಾಳಿ ಆ ಯಂತ್ರದ ದಾರದುಂಡೆಗೆ ತಗುಲಿ, ದಾರ ಸಡಿಲಾಗಿ ಸುತ್ತಿಕೊಂಡು ಕಡಿಯುತ್ತಿತ್ತು. ಅಕ್ಕ ಯಂತ್ರವನ್ನು ಮುಟ್ಟಲಿಲ್ಲ, ಫ್ಯಾನು ತಿರುಗಿಸಿದಳು. ಮರುದಿನವೇ ಹೋಗಿ ಆ ಹೆಂಗಸನ್ನು ಕೈಹಿಡಿದು ಕರೆತಂದು ಅದೇ ಯಂತ್ರದ ಮುಂದೆ ಕೂರಿಸಿದಳು. ಸೂಪರ್‌ವೈಸರು ಸೆಕೆಯಲ್ಲೇ ಉಳಿದರು.

ಕಾರ್ಖಾನೆ ಮುಚ್ಚಿದಾಗ ಆಫೀಸಿನವರು ಎಸೆದಿದ್ದ ಸತ್ತ ಲ್ಯಾಪ್‌ಟಾಪೊಂದನ್ನು ಮನೆಗೆ ತಂದು, ಬಿಚ್ಚಿ, ಒಂದು ತಿಂಗಳು ಅದರೊಡನೆ ಗುದ್ದಾಡಿ ಬದುಕಿಸಿದಳು. ಅಲ್ಲಿಂದ ಈ ಕಸುಬು. ಹೊಲಿಗೆ ಯಂತ್ರಕ್ಕೂ ಇದಕ್ಕೂ ಎಲ್ಲಿಯ ಸಂಬಂಧವಮ್ಮ ಎಂದು ಕಾರ್ಯದರ್ಶಿಗಳು ಒಮ್ಮೆ ಕೇಳಿದ್ದುಂಟು.

“ಎರಡಕ್ಕೂ ಧೂಳು ಸೇರುತ್ತೆ ಸಾರ್. ಎರಡನ್ನೂ ಇಟ್ಕೊಂಡಿರೋರು ‘ನಾನೇನೂ ಮಾಡ್ಲಿಲ್ಲ’ ಅಂತಾರೆ.”

ಇನ್ನು ಕಾರ್ಯದರ್ಶಿಗಳ ಮನೆಯ ಕಥೆ. ಅವರ ಮಡದಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಐದು ಜನ ಒಟ್ಟಿಗೆ ಕೂಗಿದರೂ ಐವರಿಗೂ ಉತ್ತರಿಸಬಲ್ಲವರು. ನಿವೃತ್ತಿಯಾದ ಮೇಲೆ ಆ ಕಿವಿಗೆ ಸಿಕ್ಕಿದ್ದು ಗಂಡನ ದನಿ ಒಂದೇ. ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳು ಹೊಸ ಗೇಮಿಂಗ್ ಲ್ಯಾಪ್‌ಟಾಪು ಕೊಂಡಾಗ, ಕೆಂಪು ದೀಪ ಮಿನುಗುವ ಹಳೆಯದನ್ನು ಅಮ್ಮನಿಗೆ ಕೊಟ್ಟು, ಐದು ಜನ ಕೂಡಿ ಕೋಟೆ ಕಾಯುವ ಆಟವೊಂದನ್ನು ಕಲಿಸಿ ಹೋದಳು. ಆರು ತಿಂಗಳಲ್ಲಿ ಅಮ್ಮ ಒಂದು ತಂಡಕ್ಕೆ ಸೇರಿದರು. ಉಳಿದ ನಾಲ್ವರು ಬೇರೆ ಬೇರೆ ಊರಿನ ಎಳೆಯರು, ಮುಖ ಕಂಡವರಲ್ಲ. ಅವರಿಗೆಲ್ಲ ಇವರು ‘ಅತ್ತೆ’. ಯಾರು ಎಲ್ಲಿದ್ದಾರೆ, ಶತ್ರು ಯಾವ ಕಡೆಯಿಂದ ಬರುತ್ತಿದ್ದಾನೆ ಎಂದು ಅತ್ತೆ ಹೇಳಿದರೆ ಉಂಟು, ಇಲ್ಲದಿದ್ದರೆ ಕೋಟೆ ಇಲ್ಲ.

ಕಾರ್ಯದರ್ಶಿಗಳು ಇದನ್ನು ‘ಇವಳ ಟಿಕ್ಕಿಟಿಕ್ಕಿ’ ಎನ್ನುತ್ತಿದ್ದರು. ಆದರೆ ಪಂದ್ಯಾವಳಿಯೊಂದರಲ್ಲಿ ತಂಡ ಕೊನೆಯ ಎಂಟಕ್ಕೆ ಬಂದಾಗ ಸಂಘದ ಸಭೆಯಲ್ಲಿ ‘ಇತರೆ ವಿಷಯಗಳು’ ಎಂಬ ತಲೆಬರಹದಡಿ ಅದನ್ನು ದಾಖಲಿಸಿದರು.

ಆಗಲೇ ತೊಂದರೆ ಶುರುವಾದದ್ದು. ಆಟ ಶುರುವಾಗಿ ನಲವತ್ತು ನಿಮಿಷಕ್ಕೆ ಚಿತ್ರ ತಡವರಿಸುತ್ತದೆ, ಪರದೆ ಕಪ್ಪಾಗುತ್ತದೆ, ಲ್ಯಾಪ್‌ಟಾಪು ಸತ್ತುಹೋಗುತ್ತದೆ. ಎಬ್ಬಿಸಿ ನೋಡಿದರೆ, “ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು” ಎಂಬ ಷರಾ. ಅಭ್ಯಾಸದ ಆಟಗಳಲ್ಲೇ ಒಂದಲ್ಲ, ಮೂರು ಸಲ. ಅತ್ತೆ ಮಾಯವಾದೊಡನೆ ಮೂರು ಸಲವೂ ಕೋಟೆ ಬಿತ್ತು. ತಂಡದ ನಾಯಕಿ ಒಬ್ಬಳು ನರ್ಸು. ಮಾತು ಮೆದು, ತೀರ್ಮಾನ ಗಟ್ಟಿ.

“ಅತ್ತೆ, ಭಾನುವಾರ ನಾಲ್ಕಕ್ಕೆ ಪಂದ್ಯ. ಸೋತ್ರೆ ಅಲ್ಲಿಗೆ ಮುಗೀತು. ಮೂರೂಮುಕ್ಕಾಲಿಗೆ ಹೂಂ ಅಥವಾ ಊಹೂಂ ಹೇಳ್ಬಿಡಿ. ಊಹೂಂ ಅಂದ್ರೆ ಬೇರೆಯವರನ್ನ ಹಾಕ್ಕೋತೀವಿ. ಬೇಜಾರು ಮಾಡ್ಕೋಬೇಡಿ.”

ಮಡದಿ ಬೇಜಾರು ಮಾಡಿಕೊಳ್ಳಲಿಲ್ಲ. ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಹೀಗೆ ಸುಮ್ಮನೆ ಕುಳಿತದ್ದನ್ನು ಕಾರ್ಯದರ್ಶಿಗಳು ಕಂಡಿರಲಿಲ್ಲ. ನೋಡಿ ಸಹಿಸಲೂ ಆಗಲಿಲ್ಲ. ಆದ್ದರಿಂದ ಅವರು ಕಾರ್ಯಪ್ರವೃತ್ತರಾದರು, ಮತ್ತು ಅಲ್ಲಿಂದ ಸ್ಥಿತಿ ಹದಗೆಟ್ಟಿತು.

“ಇದು ಡ್ರೈವರ್ ಸಮಸ್ಯೆ. ನಂಗೆ ಆ ವಿಷಯದಲ್ಲಿ ಸ್ವಲ್ಪ ಹಿನ್ನೆಲೆ ಇದೆ” ಎಂದರು. ಅಂತರಜಾಲದಲ್ಲಿ ಹುಡುಕಿ ಒಂದು ಉಚಿತ ಪ್ರೋಗ್ರಾಮನ್ನು ಇಳಿಸಿಕೊಂಡರು. ಅದು ಲ್ಯಾಪ್‌ಟಾಪನ್ನು ತಡವಿ ನೋಡಿ, ನಿಮ್ಮ ಮೂವತ್ತೇಳು ಡ್ರೈವರುಗಳು ಹಳೆಯವು, ಎಲ್ಲವನ್ನೂ ಬದಲಿಸಲೇ ಎಂದು ಕೇಳಿತು. ಮೂವತ್ತೇಳು ಕಡತಗಳನ್ನು ಒಂದೇ ಸಹಿಯಲ್ಲಿ ವಿಲೇವಾರಿ ಮಾಡುವ ಯೋಗ ಅವರ ಇಡೀ ಸೇವಾವಧಿಯಲ್ಲಿ ಬಂದಿರಲಿಲ್ಲ. ‘ಎಲ್ಲವನ್ನೂ’ ಒತ್ತಿದರು.

ಸದ್ದು ನಿಂತಿತು. ಬೆರಳು ಕೆಳಗೆಳೆದರೆ ಪುಟ ಮೇಲೆ ಹೋಗತೊಡಗಿತು. ಕ್ಯಾಮರಾ ತಲೆಕೆಳಗಾಯಿತು. ಅಂದು ಸಂಜೆಯ ತಂಡದ ಮಾತುಕತೆಯಲ್ಲಿ ಅತ್ತೆ ಬಾವಲಿಯಂತೆ ನೇತಾಡುತ್ತ ಕಾಣಿಸಿಕೊಂಡರು. ಮಾತು ಕೇಳಿಸುತ್ತಲೂ ಇರಲಿಲ್ಲ.

“ರೀ,” ಎಂದರು ಮಡದಿ, “ಇದನ್ನ ತಗೊಂಡು ಈಗ ಕೆಳಗೆ ಹೋಗ್ತೀರೋ, ಇಲ್ಲ ನಾನೇ ಹೋಗ್ಲೋ? ನಾನು ಹೋದ್ರೆ ನಡೆದದ್ದೆಲ್ಲ ಹೇಳ್ತೀನಿ.”

ಶುಕ್ರವಾರ ಬೆಳಿಗ್ಗೆ ಕಾರ್ಯದರ್ಶಿಗಳೇ ಹೋದರು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, “ನಾನೇನೂ ಮಾಡ್ಲಿಲ್ಲ” ಎಂದರು.

ಅಕ್ಕ ಸ್ಲೇಟು ಒರೆಸಿಕೊಂಡಳು. “ಕೊನೇ ಸಲ ಯಾವತ್ತು ಸರಿಯಾಗಿತ್ತು?”

“ಕೆಟ್ಟಿದ್ದು ಯಾವತ್ತು ಅಂತ ಕೇಳಬೇಕಲ್ವೇನಮ್ಮ?”

“ಕೆಟ್ಟ ದಿನ ಎಲ್ಲರಿಗೂ ನೆನಪಿರುತ್ತೆ. ಸರಿಯಾಗಿದ್ದ ದಿನ ಹೇಳಿ. ಆ ಎರಡರ ನಡುವೆ ಏನೋ ಆಗಿರುತ್ತೆ.”

“ಎರಡು ವಾರದ ಹಿಂದೆ ಸರಿಯಾಗಿತ್ತು. ನಡುವೆ ಏನೂ ಆಗಿಲ್ಲ.”

“ಚಾರ್ಜರ್ ತಂದಿಲ್ವಾ?”

“ಅದಕ್ಕೇನಾಗಿದೆ? ಅದು ಸರಿಯಾಗೇ ಇದೆ. ಸಮಸ್ಯೆ ಡ್ರೈವರಿನದು.”

ಅಕ್ಕ ಅವರ ಮುಖವನ್ನೊಮ್ಮೆ ನೋಡಿ, ತನ್ನ ಮೇಜಿನ ದಪ್ಪ ಚಾರ್ಜರನ್ನೇ ಸಿಕ್ಕಿಸಿಕೊಂಡಳು.

ಮುಂದಿನ ಎರಡು ದಿನ ಕಾರ್ಯದರ್ಶಿಗಳು ಮೇಲೆ ಕೆಳಗೆ ಓಡಾಡುತ್ತ ಕಂಡದ್ದು ತಾಳ್ಮೆಯ ಒಂದು ಪ್ರದರ್ಶನ. ಮೊದಲು ಆ ಉಚಿತ ಪ್ರೋಗ್ರಾಮನ್ನು ಹೊರಗಟ್ಟಿದಳು. ಬಳಿಕ ಅದು ನೇಮಿಸಿದ್ದ ಮೂವತ್ತೇಳು ಮಂದಿಯನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಂಡಳು. ಸದ್ದಿನ ಡ್ರೈವರು ತೆಗೆದು, ಕಂಪನಿಯ ಜಾಲತಾಣದಿಂದಲೇ ಸರಿಯಾದದ್ದನ್ನು ತಂದು ಹಾಕಿ, ಮತ್ತೆ ಶುರುಮಾಡಿ, ಕೇಳಿ, ಸ್ಲೇಟಿನಲ್ಲಿ ‘ಆಯ್ತು’ ಎಂದು ಬರೆದು ಕ್ಯಾಮರಾಕ್ಕೆ ಕೈಹಾಕಿದಳು. ಚಿತ್ರದ ಡ್ರೈವರನ್ನು ಬುಡಸಮೇತ ಕಿತ್ತು ಹೊಸದಾಗಿ ನೆಟ್ಟಳು. ಬೆನ್ನು ಬಿಚ್ಚಿ ಪೌಡರು ಬ್ರಶ್ಶಿನಿಂದ ಫ್ಯಾನಿನ ಧೂಳು ಕೊಡವಿದಳು. ಮೆಮೊರಿಯ ಪಟ್ಟಿಗಳೆರಡನ್ನು ಒಂದೊಂದಾಗಿ ತೆಗೆದು ನೋಡಿದಳು. ಕಾರ್ಯದರ್ಶಿಗಳಿಗೆ ಮೂವತ್ತನಾಲ್ಕು ವರ್ಷದ ತಮ್ಮ ಮೇಜು ನೆನಪಾಯಿತು. ಯಾವ ಕಡತವನ್ನಾದರೂ ತಾವು ಹೀಗೆ ಕೊನೆಯ ಹಾಳೆಯವರೆಗೆ ಓದಿದ್ದುಂಟೇ ಎಂಬ ಯೋಚನೆ ಸುಳಿಯಿತು. ಸುಳಿದ ಯೋಚನೆಯನ್ನು ಅವರು ಅಲ್ಲಿಯೇ ಮುಕ್ತಾಯಗೊಳಿಸಿದರು.

ಶನಿವಾರ ಮಧ್ಯಾಹ್ನ ಆಕೆಯ ಮೇಜಿನ ಮೇಲೆ ಆಟ ಮೂರು ತಾಸು ನಿಲ್ಲದೆ ಓಡಿತು.

“ನಾನು ಹೇಳಿರ್ಲಿಲ್ವಾ, ಡ್ರೈವರ್ ಸಮಸ್ಯೆ ಅಂತ!” ಎಂದು ಕಾರ್ಯದರ್ಶಿಗಳು ಲ್ಯಾಪ್‌ಟಾಪನ್ನು ಪ್ರಶಸ್ತಿಫಲಕದಂತೆ ಎದೆಗವಚಿಕೊಂಡು ಮೇಲೇರಿದರು. ಸಂಜೆ ಮಡದಿ ತಂಡದೊಡನೆ ಅಭ್ಯಾಸಕ್ಕೆ ಕುಳಿತರು. ನಲವತ್ತೊಂದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

ಭಾನುವಾರ ಬೆಳಿಗ್ಗೆ ಅವರು ಕೆಳಗಿಳಿದದ್ದು ಜಗಳಕ್ಕೆ. ಎರಡು ದಿನ ಬೆಟ್ಟ ಅಗೆದು ಒಂದು ಇಲಿಯನ್ನೂ ಹಿಡಿಯಲಿಲ್ಲವೆಂದು ಶುರುಮಾಡಿ ಬಹಳ ಹೇಳುವುದಿತ್ತು. ಆದರೆ ಅಕ್ಕ ಮಾತನ್ನು ಪೂರ್ತಿ ಕೇಳಿಸಿಕೊಂಡು, ಬೇಸರದ ಬದಲು ಕುತೂಹಲದಿಂದ ಕಣ್ಣರಳಿಸಿದಾಗ ಅವರ ದನಿ ತಾನಾಗಿ ಇಳಿಯಿತು.

“ನನ್ನ ಮೇಜಿನ ಮೇಲೆ ಸರಿ, ನಿಮ್ಮ ಮನೇಲಿ ತಪ್ಪು. ಹಾಗಂದ್ರೆ ಕೆಟ್ಟಿರೋದು ಲ್ಯಾಪ್‌ಟಾಪ್ ಅಲ್ಲ ಸಾರ್. ಮನೆ ನೋಡ್ಬೇಕು. ಕೈಯಲ್ಲಿರೋದನ್ನ ಮುಗಿಸಿ ಎರಡೂವರೆಗೆ ಬರ್ತೀನಿ.”

ಎರಡೂವರೆಗೆ ಸರಿಯಾಗಿ ಅಕ್ಕ ನಾಲ್ಕು ಮಹಡಿ ಹತ್ತಿ ಬಂದಳು, ಬರಿಗೈಯಲ್ಲಿ. ಕಾರ್ಯದರ್ಶಿಗಳು ಕುರ್ಚಿ ತೋರಿಸಿದರು. ಆಕೆ ಅಡುಗೆಮನೆಯ ಸ್ಟೂಲು ಎಳೆದುಕೊಂಡು ಮಡದಿಯ ಹೆಗಲ ಹಿಂದೆ ಕುಳಿತಳು.

“ಆಡಿ ಅಕ್ಕ. ನಾನಿಲ್ಲ ಅಂದ್ಕೊಳ್ಳಿ.”

ಐದು ನಿಮಿಷ, ಹತ್ತು ನಿಮಿಷ. ಆಕೆ ನೋಡುತ್ತಿದ್ದಳು ಅಷ್ಟೆ. ಕಾರ್ಯದರ್ಶಿಗಳು ಟೀ ತಂದರು, ಮುಟ್ಟಲಿಲ್ಲ. “ಡ್ರೈವರ್ ಮತ್ತೊಮ್ಮೆ ಕಿತ್ತು ನೋಡಿದ್ರೆ ಹೇಗೆ?” ಎಂದರು, ಆಕೆ ಅಂಗೈ ಎತ್ತಿದಳು. ಇಪ್ಪತ್ತನೆಯ ನಿಮಿಷಕ್ಕೆ ಆಕೆಯ ಕಣ್ಣು ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ನಿಂತಿತು, ಮತ್ತೆ ಅಲ್ಲಿಂದ ಕದಲಲಿಲ್ಲ. ಅಲ್ಲಿ ಒಂದು ಕಾಳಿನಷ್ಟು ಬ್ಯಾಟರಿಯ ಚಿತ್ರ. ಚಾರ್ಜರು ಸಿಕ್ಕಿಸಿದೆ. ಆದರೂ ಬ್ಯಾಟರಿ ಇಳಿಯುತ್ತಿದೆ. ಐವತ್ತು. ನಲವತ್ತೆರಡು. ಮೂವತ್ತು.

ಮೂರೂ ಹನ್ನೊಂದಕ್ಕೆ ಪರದೆ ಕಪ್ಪಾಯಿತು. ಮಡದಿ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಊಹೂಂ ಅಂತ ಬರೆದುಬಿಡ್ತೀನಿ ಬಿಡಿ” ಎಂದರು ಮೆಲ್ಲಗೆ.

“ತಡೀರಿ ಅಕ್ಕ.” ಒಂದೊಂದೇ ಅಕ್ಕ ನೆಲಕ್ಕೆ ಕುಳಿತು ಚಾರ್ಜರಿನ ವೈರನ್ನು ಬೆರಳುಗಳ ನಡುವೆ ಹಿಡಿದು, ಎಳೆಯುತ್ತ ಹೊರಟಳು, ಮೇಜಿನ ಕಾಲಿನ ಹಿಂದೆ, ಕಿಟಕಿ ಪರದೆಯ ಅಡಿ, ಸೋಫಾದ ಸಂದು. ಕೊನೆಗೆ ಕೈಗೆ ಬಂದದ್ದು ಸಾಬೂನು ಪೆಟ್ಟಿಗೆಯಷ್ಟು ಪುಟ್ಟ ಚಾರ್ಜರು. ಮುಟ್ಟಿದರೆ ಸುಡುತ್ತಿತ್ತು.

“ಇದು ಈ ಲ್ಯಾಪ್‌ಟಾಪಿನ ಜೊತೆ ಬಂದಿದ್ದಾ?”

“ನಂಗೇನು ಗೊತ್ತಮ್ಮ? ಈ ಮನೇಲಿ ವೈರೆಲ್ಲ ಅವರದೇ ಖಾತೆ” ಎಂದರು ಮಡದಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾರ್ಯದರ್ಶಿಗಳ ಕೈ ತಾನಾಗಿ ಹೆಗಲಿಗೇ ಹೋಯಿತು.

“ಆ ವಿಷಯ...” ಎಂದರು, “ಅಂದ್ರೆ, ಮೂಲ ಚಾರ್ಜರನ್ನ ಆಡಳಿತಾತ್ಮಕ ಕಾರಣಗಳಿಗಾಗಿ...”

“ರೀ!” ಎಂದರು ಮಡದಿ. ಎಕ್ಸ್‌ಚೇಂಜಿನಲ್ಲಿ ತುಂಡಾದ ಲೈನನ್ನು ಸೇರಿಸುವ ದನಿ ಅದು.

ಸತ್ಯ ಹೊರಬಿತ್ತು. ಎರಡು ವಾರದ ಹಿಂದೆ, ಸಂಘದ ಕೋಣೆಯಲ್ಲಿ ಕಾರ್ಯದರ್ಶಿಗಳ ಪುಟ್ಟ ಲ್ಯಾಪ್‌ಟಾಪಿನ ವೈರು ಮೇಜಿನವರೆಗೆ ಮುಟ್ಟುತ್ತಿರಲಿಲ್ಲ. ಹೆಂಡತಿಯ ಚಾರ್ಜರು ಇಟ್ಟಿಗೆಯಂತೆ ದಪ್ಪ, ವೈರು ಉದ್ದ. ತುದಿ ನೋಡಿದರೆ ಎರಡಕ್ಕೂ ಒಂದೇ. ತುದಿ ಒಂದೇ ಆದ ಮೇಲೆ ಚಾರ್ಜರೂ ಒಂದೇ ಎಂದು ತೀರ್ಮಾನಿಸಿ, ಅದಲುಬದಲು ಮಾಡಿದ್ದರು.

ಅಕ್ಕ ಪುಟ್ಟ ಚಾರ್ಜರನ್ನೇ ಮತ್ತೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಎಬ್ಬಿಸಿ, ಎಲ್ಲಿಯೋ ಒಳಗೆ ಹೋಗಿ ಒಂದು ಸಾಲು ತೆರೆದಳು. “ನೋಡಿ, ಇದು ಮೊದಲ ದಿನಾನೇ ಹೇಳಿದೆ. ‘ಈ ಚಾರ್ಜರಿನ ಶಕ್ತಿ ಸಾಲದು.’ ಯಾರೋ ‘ಮತ್ತೆ ತೋರಿಸಬೇಡ’ ಅಂತ ಒತ್ತಿ ಬಾಯಿ ಮುಚ್ಚಿಸಿದ್ದಾರೆ.”

ಆ ‘ಯಾರೋ’ ಗೋಡೆಯ ಕಡೆ ನೋಡುತ್ತಿದ್ದರು.

“ಆಟ ಆಡೋವಾಗ ಇದು ಕೊಡಗಟ್ಟಲೆ ಕುಡಿಯುತ್ತೆ ಅಕ್ಕ. ಈ ಪುಟ್ಟದು ಲೋಟದಲ್ಲಿ ಹುಯ್ತಿತ್ತು. ಉಳಿದಿದ್ದನ್ನ ಬ್ಯಾಟರಿ ಕೊಡ್ತಿತ್ತು. ನಲವತ್ತು ನಿಮಿಷಕ್ಕೆ ಬ್ಯಾಟರಿ ಬರಿದು. ಡ್ರೈವರ್ ಪಾಪ ಇದ್ದದ್ದನ್ನ ಇದ್ದ ಹಾಗೇ ಹೇಳಿದೆ, ಹಸಿದು ಬಿದ್ದೆ ಅಂತ. ನಾವು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಕೂತ್ವಿ.” ಆಮೇಲೆ, “ನಂದೂ ಒಂದು ತಪ್ಪಾಯ್ತು. ಚಾರ್ಜರ್ ತರಲೇಬೇಕು ಅಂತ ಶುಕ್ರವಾರಾನೇ ಪಟ್ಟು ಹಿಡೀಬೇಕಿತ್ತು. ಸಾರ್ ಮಾತು ನಂಬಿಬಿಟ್ಟೆ” ಎಂದಳು.

ಅದನ್ನು ಆಕೆ ಚುಚ್ಚಲು ಹೇಳಿದ್ದಲ್ಲ. ತನ್ನ ತಪ್ಪನ್ನೂ ಪಟ್ಟಿಗೆ ಸೇರಿಸಿದಳು, ಅಷ್ಟೆ. ಆದ್ದರಿಂದಲೇ ಕಾರ್ಯದರ್ಶಿಗಳಿಗೆ ಅದು ಹೆಚ್ಚು ಚುಚ್ಚಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಟಿಪ್ಪಣಿಯಲ್ಲಾದರೂ ‘ನನ್ನ ತಪ್ಪು’ ಎಂದು ಅವರು ಬರೆದವರಲ್ಲ. ಬರೆಯುವ ಸ್ಥಳವೂ ಆ ನಮೂನೆಯಲ್ಲಿರಲಿಲ್ಲ.

“ಹೂಂ ಅನ್ಲಾ, ಊಹೂಂ ಅನ್ಲಾ?” ಎಂದರು ಮಡದಿ. ಗಡಿಯಾರ ಮೂರೂ ಇಪ್ಪತ್ತೆಂಟು ತೋರಿಸುತ್ತಿತ್ತು.

ಅಕ್ಕ ಕಾರ್ಯದರ್ಶಿಗಳನ್ನು ನೋಡಿದಳು. “ನನ್ನ ದಪ್ಪ ಚಾರ್ಜರನ್ನ ಬೆಳಿಗ್ಗೆ ಗಿರಾಕಿಯೊಬ್ರು ಒಯ್ದಿದ್ದಾರೆ. ಇನ್ನು ಅದು ಸಾರ್ ಕಾಲಿಗೆ ಬಿಟ್ಟಿದ್ದು.”

ಕಾರ್ಯದರ್ಶಿಗಳು ಓಡಿದರು. ‘ಮೆಟ್ಟಿಲ ಮೇಲೆ ಓಡುವುದನ್ನು ನಿಷೇಧಿಸಲಾಗಿದೆ’ ಎಂದು ಪ್ರತಿ ಮಹಡಿಯಲ್ಲಿ ತಾವೇ ಅಂಟಿಸಿದ್ದ ಸೂಚನೆಗಳನ್ನು ದಾಟಿ ದಾಟಿ ಓಡಿದರು. ಸಂಘದ ಕೋಣೆ ಇದ್ದದ್ದು ನೆಲಮಹಡಿಯ ಹಿಂಭಾಗದಲ್ಲಿ, ನೀರಿನ ಪಂಪಿನ ಪಕ್ಕ. ಬಾಗಿಲ ಮುಂದೆ ನಿಂತು ಜೇಬು ತಡಕಿದರೆ ಕೀಲಿಕೈ ಮೇಲೆ, ಇನ್ನೊಂದು ಅಂಗಿಯಲ್ಲಿ. ಮತ್ತೆ ನಾಲ್ಕು ಮಹಡಿ. ಮೂರನೆಯ ಮಹಡಿಗೆ ಬರುವಾಗ ಎದೆ ಭತ್ತ ಕುಟ್ಟುವ ಸದ್ದು ಮಾಡುತ್ತಿತ್ತು. ಮಡದಿ ಅಂಗಿಯಲ್ಲಿ ಕಂಡು ಕೊಟ್ಟ ಕೀಲಿಕೈ ಹಿಡಿದು ಅಕ್ಕ ಮೆಟ್ಟಿಲ ತಿರುವಿಗೇ ಇಳಿದು ಬಂದಿದ್ದಳು.

“ನಾನೇ ಹೋಗಿ ತರ್ಲಾ ಸಾರ್?”

“ಬೇಡಮ್ಮ,” ಎಂದರು ಕಾರ್ಯದರ್ಶಿಗಳು, ಉಸಿರು ಸಿಕ್ಕಿದಷ್ಟರಲ್ಲಿ. “ನಾನು ಒಯ್ದಿದ್ದು. ನಾನೇ ತರ್ತೀನಿ.”

ಬಹುಶಃ ಅದು ಅವರ ಬಾಯಿಂದ ಬಂದ ಮೊದಲ ವಿಶೇಷಣರಹಿತ ವಾಕ್ಯ.

ಇಟ್ಟಿಗೆಯಂಥ ಚಾರ್ಜರನ್ನು ಕೂಸಿನಂತೆ ಎತ್ತಿಕೊಂಡು ಅವರು ಮರಳಿದಾಗ ಮೂರೂ ನಲವತ್ತಾರು. ಮಡದಿ ಒಂದು ನಿಮಿಷ ಮುಂಚೆಯೇ ಹೂಂ ಎಂದು ಬರೆದು ಕಳಿಸಿಯಾಗಿತ್ತು. ಯಾರನ್ನು ನಂಬಿ ಬರೆದರೆಂದು ಕಾರ್ಯದರ್ಶಿಗಳು ಕೇಳಲಿಲ್ಲ. ಕೇಳಿದ್ದರೆ ತಮ್ಮ ಹೆಸರು ಬರುತ್ತಿತ್ತೆಂಬ ಭರವಸೆ ಅವರಿಗಿರಲಿಲ್ಲ.

“ಬ್ಯಾಟರಿ ಖಾಲಿ ಇದೆಯಲ್ಲ?” ಎಂದರು ಮಡದಿ.

“ಇರ್ಲಿ ಅಕ್ಕ. ಇದು ಆಟಕ್ಕೂ ಹಾಕುತ್ತೆ, ಬ್ಯಾಟರಿಗೂ ಅಷ್ಟಿಷ್ಟು ಕೊಡುತ್ತೆ. ನೀವು ಆ ಮೂಲೆ ನೋಡಬೇಡಿ, ಅದು ನನ್ನ ಕೆಲಸ. ನೀವು ಕೋಟೆ ನೋಡ್ಕೊಳ್ಳಿ.”

ನಾಲ್ಕಕ್ಕೆ 'ಅತ್ತೆ ಬಂದ್ರು' ಎಂಬ ಕೂಗು ಹೆಡ್‌ಫೋನಿನ ಆಚೆಗೂ ಕೇಳಿಸಿತು. ಮುಂದಿನದೆಲ್ಲ ಕಾರ್ಯದರ್ಶಿಗಳಿಗೆ ಅರ್ಥವಾಗದ ಗದ್ದಲ. ಅವರಿಗೆ ಅರ್ಥವಾದದ್ದು ಹೆಂಡತಿಯ ದನಿ. “ಉತ್ತರದ ಬಾಗಿಲಿಗೆ ಇಬ್ಬರು. ನೀನು ಅಲ್ಲೇ ಇರು ಮರೀ. ನರ್ಸಮ್ಮ, ನಿನ್ನ ಬೆನ್ನ ಹಿಂದೆ. ಹಾಂ, ಈಗ.” ಅವಸರವಿಲ್ಲ, ಗಾಬರಿಯಿಲ್ಲ. ಮೂವತ್ತು ವರ್ಷ ಊರೂರಿನ ಸಾವು ನೋವು ಹೆರಿಗೆ ಮದುವೆಗಳನ್ನು ಒಂದಕ್ಕೊಂದು ಜೋಡಿಸಿದ ದನಿ. ಇದು ಇಷ್ಟು ದಿನ ಈ ಮನೆಯಲ್ಲೇ ಇತ್ತಲ್ಲ ಎಂದು ಅವರಿಗೆ ಅನ್ನಿಸಿತು.

ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತನೆಯ ನಿಮಿಷದಲ್ಲಿ ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು. ತೆರೆದಾಗ ಪರದೆ ಬೆಳಗುತ್ತಲೇ ಇತ್ತು. ಅಕ್ಕ ಸ್ಟೂಲಿನ ಮೇಲೆ, ಕೈಕಟ್ಟಿ, ಮೂಲೆಯನ್ನು ನೋಡುತ್ತ ಕುಳಿತಿದ್ದಳು. ಬ್ಯಾಟರಿ ಏರುತ್ತಿತ್ತು, ಬಸವನಹುಳದ ನಡಿಗೆಯಲ್ಲಿ. ಪಂದ್ಯ ಅರವತ್ತಮೂರು ನಿಮಿಷ ನಡೆಯಿತು. ಕೋಟೆ ಬೀಳಲಿಲ್ಲ. ತಂಡ ಕೊನೆಯ ನಾಲ್ಕಕ್ಕೆ ಹೋಯಿತು. ಹೆಡ್‌ಫೋನಿನಿಂದ ನಾಲ್ವರು ಏಕಕಾಲಕ್ಕೆ ಕಿರಿಚಿದರು. ಅತ್ತೆ ನಾಲ್ವರಿಗೂ ಬೇರೆ ಬೇರೆ ಉತ್ತರ ಕೊಟ್ಟು, ಹೆಡ್‌ಫೋನು ಕಳಚಿ, ನೀರು ಕೇಳಿದರು. ನೀರು ತಂದುಕೊಟ್ಟವರು ಕಾರ್ಯದರ್ಶಿಗಳು, ಎರಡು ಲೋಟ. ಒಂದನ್ನು ಅಕ್ಕನಿಗೆ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಅವರು ಕಾರ್ಯದರ್ಶಿಗಳು ಹೇಗಾದಾರು? ಅಕ್ಕ ಚಪ್ಪಲಿ ಮೆಟ್ಟುತ್ತಿರುವಾಗ ನಡಾವಳಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಬಾಗಿಲಿಗೆ ಬಂದರು. ಆಕೆಯ ಸೇವೆಯನ್ನು ಮೆಚ್ಚಿ ಸಂಘದ ಪರವಾಗಿ ಒಂದು ನಿರ್ಣಯ ಬರೆಯಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು.

“ಒಂದು ಸಣ್ಣ ಸ್ಪಷ್ಟೀಕರಣ ಬೇಕಿತ್ತಮ್ಮ. ದೋಷದ ಮೂಲ ಅನ್ನೋ ಕಡೆ ಏನಂತ ಬರೀಲಿ? ಹಾರ್ಡ್‌ವೇರ್ ಅಂತ್ಲೋ, ಡ್ರೈವರ್ ಅಂತ್ಲೋ?”

“ಕಾರ್ಯದರ್ಶಿ ಅಂತ ಬರೀರಿ.”